ಬಲೆಯ ಕಣ್ಣಿನಲ್ಲಿ ವಿದ್ಯುತ್ತಿನ ಲೆಕ್ಕ
(ದತ್ತಿ ಉಪನ್ಯಾಸದ ಪಠ್ಯ)



ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಿಷಯ ಮೊದಲ ನೋಟಕ್ಕೆ ತೀರಾ ಚಿಕ್ಕದು. ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ತರಗತಿಗಳಲ್ಲಿ ಒಂದೆರಡು ವಾರದಲ್ಲಿ ಮುಗಿದುಹೋಗುವ, ಪರೀಕ್ಷೆಯಲ್ಲಿ ಖಚಿತವಾಗಿ ಬರುವ, ಪರೀಕ್ಷೆ ಮುಗಿದ ಮೇಲೆ ಮರೆತುಹೋಗುವ ಪಾಠ ಅದು: ಮೆಶ್ ಅನಾಲಿಸಿಸ್. ವಿದ್ಯುತ್ ಮಂಡಲವೊಂದರ ಬೇರೆ ಬೇರೆ ತಂತಿಗಳಲ್ಲಿ ಎಷ್ಟೆಷ್ಟು ಪ್ರವಾಹ ಹರಿಯುತ್ತದೆಂದು ಕಂಡುಹಿಡಿಯುವ ಒಂದು ಕ್ರಮ. ಇಷ್ಟಕ್ಕೆ ಒಂದು ಸಾರ್ವಜನಿಕ ಉಪನ್ಯಾಸ ಬೇಕೇ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಬೇಕು ಎಂಬುದೇ ನನ್ನ ಉತ್ತರ. ಲೆಕ್ಕವನ್ನು ಬಿಡಿಸುವ ಜಾಣ್ಮೆಗಿಂತ ಮೊದಲು ಬರಬೇಕಾದದ್ದು, ಯಾವುದನ್ನು ಗೊತ್ತಿಲ್ಲದ್ದೆಂದು ಹಿಡಿಯಬೇಕು ಎಂಬ ವಿವೇಕ. ನಿಸರ್ಗದ ಒಂದು ನಿಯಮ ತಾನಾಗಿಯೇ ಪಾಲನೆಯಾಗುವಂತೆ ಗೊತ್ತಿಲ್ಲದ್ದನ್ನು ಆರಿಸಿಕೊಂಡರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಈ ವಿವೇಕವನ್ನು ಮೆಶ್ ಕ್ರಮದಷ್ಟು ಸ್ಪಷ್ಟವಾಗಿ ಕಲಿಸುವ ಪಾಠಗಳು ಕಡಿಮೆ. ಅದನ್ನು ಬರಿಯ ಸೂತ್ರವಾಗಿ ಕಲಿಸಿ ಕೈಬಿಡುವುದು ದೊಡ್ಡ ನಷ್ಟ. ಇಂದು ನಾನು ಸಾಧಿಸಿ ತೋರಿಸಬೇಕೆಂದಿರುವುದು ಇದೊಂದನ್ನೇ.

ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು ಲೆಕ್ಕ ಮಾಡುವ ಪದ್ಧತಿ ನಮಗೆ ಹೊಸದಲ್ಲ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮೊದಲ ಅವ್ಯಕ್ತಕ್ಕೆ ಯಾವತ್ತಾವತ್ ಎಂದು ಹೆಸರು, ಅದರ ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಅವ್ಯಕ್ತ ಎಂಬ ಆ ಮಾತನ್ನೇ ನಾನೂ ಇಲ್ಲಿ ಬಳಸುತ್ತೇನೆ. ‘ಮೆಶ್’ ಎಂಬುದಕ್ಕೂ ಕನ್ನಡದಲ್ಲಿ ಸಿದ್ಧವಾದ ಮಾತಿದೆ. ಮೀನಿನ ಬಲೆಯಲ್ಲಿ ನಾಲ್ಕು ಕಡೆ ದಾರ, ನಡುವೆ ಖಾಲಿ ಇರುವ ಜಾಗಕ್ಕೆ ನಮ್ಮವರು ಬಲೆಯ ಕಣ್ಣು ಎನ್ನುತ್ತಾರೆ. ಮೆಶ್ ಎಂದರೆ ಅದೇ. ತಂತಿಗಳ ಜಾಲವನ್ನು ಕಾಗದದ ಮೇಲೆ ಹರಡಿದಾಗ, ಒಳಗೆ ಬೇರೆ ತಂತಿ ಹಾಯದೆ ಸುತ್ತಲೂ ತಂತಿಗಳಿಂದ ಮುಚ್ಚಿರುವ ಒಂದೊಂದು ಕಿಂಡಿಯೂ ಒಂದೊಂದು ಕಣ್ಣು. ತಂತಿಗಳು ಕೂಡುವ ಜಾಗ ಸಂಧಿ; ಎರಡು ಸಂಧಿಗಳ ನಡುವಿನ ತಂತಿ ಕವಲು; ಹೊರಟ ಸಂಧಿಗೇ ಮರಳಿ ಬರುವ ಯಾವುದೇ ದಾರಿ ಕುಣಿಕೆ. ಈ ನಾಲ್ಕು ಮಾತು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಚರಿತ್ರೆಯನ್ನು ಸ್ವಲ್ಪ ನೋಡೋಣ. ಒಂದು ರೋಧಕದಲ್ಲಿ ಹರಿಯುವ ಪ್ರವಾಹ ಅದರ ಎರಡು ತುದಿಗಳ ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ ಎಂದು ಗಿಯೋರ್ಗ್ ಓಮ್ 1827ರ ತನ್ನ ಪುಸ್ತಕದಲ್ಲಿ ಹೇಳಿದ್ದ. ಅದು ಒಂದು ತಂತಿಯ ಮಾತು. ತಂತಿಗಳು ಹಲವಾಗಿ, ಕವಲೊಡೆದು ಮತ್ತೆ ಕೂಡಿದರೆ ಏನು ಮಾಡಬೇಕು? ಉತ್ತರ ಬಂದದ್ದು 1845ರಲ್ಲಿ, ಪ್ರಶ್ಯದ ಕೋನಿಗ್ಸ್‌ಬರ್ಗ್ ನಗರದಿಂದ. ಅಲ್ಲಿ ಓದುತ್ತಿದ್ದ ಗುಸ್ತಾವ್ ಕಿರ್ಚಾಫ್‌ಗೆ ಆಗ ಇಪ್ಪತ್ತೊಂದರ ಆಸುಪಾಸು. ಆತ ಕೊಟ್ಟದ್ದು ಎರಡು ನಿಯಮ. ಸಂಧಿಯೊಂದಕ್ಕೆ ಬಂದ ಪ್ರವಾಹವೆಲ್ಲ ಅಲ್ಲಿಂದ ಹೊರಡಲೇಬೇಕು, ಅಲ್ಲಿ ಏನೂ ಉಳಿಯುವುದಿಲ್ಲ, ಏನೂ ಹುಟ್ಟುವುದಿಲ್ಲ. ಇದು ಸಂಧಿಯ ನಿಯಮ. ಕುಣಿಕೆಯೊಂದನ್ನು ಪೂರ್ತಿ ಸುತ್ತಿ ಬಂದರೆ ವಿಭವದ ಏರಿಕೆ ಇಳಿಕೆಗಳು ಸರಿದೂಗುತ್ತವೆ, ಬೆಟ್ಟ ಹತ್ತಿ ಇಳಿದು ಹೊರಟ ಕಲ್ಲಿಗೇ ಮರಳಿದವನು ಏರಿದ್ದೂ ಇಳಿದದ್ದೂ ಸಮವಾಗುವ ಹಾಗೆ. ಇದು ಕುಣಿಕೆಯ ನಿಯಮ. ಮೊದಲನೆಯದು ವಿದ್ಯುದಂಶ ನಾಶವಾಗದೆಂಬ ಸತ್ಯದಿಂದ ಬಂದದ್ದು, ಎರಡನೆಯದು ಶಕ್ತಿ ನಾಶವಾಗದೆಂಬ ಸತ್ಯದಿಂದ. ಇವೆರಡೂ ಇಂದು ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪಾಠ.

ಇಷ್ಟು ತಿಳಿದ ಮೇಲೆ ಇನ್ನೇನು ಬೇಕು ಎನಿಸಬಹುದು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ಎಲ್ಲ ಪ್ರಯೋಗಾಲಯಗಳಿಗೂ ಪರಿಚಿತವಾದ ವೀಟ್‌ಸ್ಟನ್ ಸೇತುವೆಯನ್ನೇ ತೆಗೆದುಕೊಳ್ಳೋಣ. ಅದನ್ನು 1833ರಲ್ಲಿ ವಿವರಿಸಿದವನು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. 1843ರಲ್ಲಿ ಬಳಕೆಗೆ ತಂದು ಪ್ರಸಿದ್ಧಗೊಳಿಸಿದವನು ಚಾರ್ಲ್ಸ್ ವೀಟ್‌ಸ್ಟನ್. ಕಾಗದದ ಮೇಲೆ ಒಂದು ವಜ್ರಾಕೃತಿ ಬರೆಯಿರಿ. ಮೇಲೆ ಒಂದು ಸಂಧಿ, ಕೆಳಗೆ ಒಂದು, ಎಡಕ್ಕೆ ಒಂದು, ಬಲಕ್ಕೆ ಒಂದು. ಮೇಲಿನಿಂದ ಎಡಕ್ಕೆ 1 ಓಮ್, ಮೇಲಿನಿಂದ ಬಲಕ್ಕೆ 2 ಓಮ್. ಎಡದಿಂದ ಕೆಳಕ್ಕೆ 2 ಓಮ್, ಬಲದಿಂದ ಕೆಳಕ್ಕೆ 1 ಓಮ್. ಎಡಬಲಗಳ ನಡುವೆ ಅಡ್ಡಸೇತುವೆಯಾಗಿ 1 ಓಮ್. ಮೇಲಿನ ಸಂಧಿಗೂ ಕೆಳಗಿನ ಸಂಧಿಗೂ 7 ವೋಲ್ಟಿನ ಒಂದು ಬ್ಯಾಟರಿ ಸೇರಿಸಿ. ಅದು ವಜ್ರದ ಎಡಭಾಗದಲ್ಲಿ ಹೊರಗಿರಲಿ, ಅದರ ಧನ ತುದಿ ಮೇಲಿರಲಿ. ಇಷ್ಟೇ ಮಂಡಲ. ಇದರಲ್ಲಿ ಯಾವ ಎರಡು ರೋಧಕಗಳೂ ಶ್ರೇಣಿಯಲ್ಲಿಲ್ಲ, ಯಾವ ಎರಡೂ ಸಮಾಂತರದಲ್ಲಿಲ್ಲ. ಹೈಸ್ಕೂಲಿನಲ್ಲಿ ಕಲಿತ ಕೂಡುವ ಸೂತ್ರಗಳು ಇಲ್ಲಿ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತವೆ. ಐದು ರೋಧಕಗಳ ಪುಟ್ಟ ಮಂಡಲವೂ ತನ್ನದೇ ಒಂದು ಕ್ರಮವನ್ನು ಬೇಡುತ್ತದೆ.

ಕಿರ್ಚಾಫ್‌ನ ನಿಯಮಗಳನ್ನು ನೇರವಾಗಿ ಹಚ್ಚಿದರೆ ಏನಾಗುತ್ತದೆ ನೋಡೋಣ. ಬ್ಯಾಟರಿಯ ಕವಲೂ ಸೇರಿ ಆರು ಕವಲು, ಆದ್ದರಿಂದ ಆರು ಅವ್ಯಕ್ತ ಪ್ರವಾಹಗಳು. ಸಂಧಿಗಳು ನಾಲ್ಕು, ಅವುಗಳಲ್ಲಿ ಮೂರರ ಸಮೀಕರಣ ಬರೆದರೆ ನಾಲ್ಕನೆಯದು ಅವುಗಳಿಂದಲೇ ಬರುತ್ತದೆ, ಹೊಸದೇನೂ ಹೇಳುವುದಿಲ್ಲ. ಉಳಿದ ಮೂರು ಸಮೀಕರಣಗಳನ್ನು ಕುಣಿಕೆಗಳಿಂದ ತರಬೇಕು. ಆದರೆ ಈ ಆಕೃತಿಯಲ್ಲಿ ಕುಣಿಕೆಗಳು ಮೂರಕ್ಕಿಂತ ಹೆಚ್ಚಿವೆ. ಯಾವ ಮೂರನ್ನು ಹಿಡಿಯಬೇಕು? ಎಚ್ಚರ ತಪ್ಪಿದರೆ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳುವ ಸಮೀಕರಣ ಒಳಗೆ ನುಸುಳುತ್ತದೆ, ಪುಟಗಟ್ಟಲೆ ಲೆಕ್ಕ ಮಾಡಿದ ಮೇಲೆ ಸೊನ್ನೆ ಸಮ ಸೊನ್ನೆ ಎಂಬಲ್ಲಿಗೆ ತಲುಪುತ್ತೇವೆ. ಕಿರ್ಚಾಫ್‌ನಿಗೂ ಈ ತೊಡಕು ಕಂಡಿತ್ತು. 1847ರಲ್ಲಿ ಆತ ಇನ್ನೊಂದು ಪ್ರಬಂಧ ಬರೆದು, ಸ್ವತಂತ್ರ ಕುಣಿಕೆಗಳ ಸಂಖ್ಯೆ ಎಂದರೆ ಕವಲುಗಳ ಸಂಖ್ಯೆಯಿಂದ ಸಂಧಿಗಳ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿದಷ್ಟು ಎಂದು ತೋರಿಸಿದ. ನಮ್ಮ ಸೇತುವೆಯಲ್ಲಿ ಆರರಲ್ಲಿ ನಾಲ್ಕು ಕಳೆದು ಒಂದು ಕೂಡಿಸಿದರೆ ಮೂರು. ಎಷ್ಟು ಬೇಕೆಂಬುದು ಹೀಗೆ ತಿಳಿಯಿತು. ಆದರೂ ಅವ್ಯಕ್ತಗಳು ಆರಾಗಿಯೇ ಉಳಿದವು.

ಆ ಆರನ್ನು ಮೂರಕ್ಕೆ ಇಳಿಸಿದ ಹೊಳಹು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್‌ನದು. ವಿದ್ಯುತ್ ಮತ್ತು ಕಾಂತತ್ವವನ್ನು ಕುರಿತ ಆತನ ಮಹಾಗ್ರಂಥ 1873ರಲ್ಲಿ ಹೊರಬಂದಿತ್ತು. ಆತ ತೀರಿಕೊಂಡದ್ದು 1879ರಲ್ಲಿ. ಕೇಂಬ್ರಿಜ್‌ನಲ್ಲಿ ಕೊನೆಯ ವರ್ಷಗಳಲ್ಲಿ ಆತ ಮಾಡಿದ ಪಾಠಗಳನ್ನು ಕೇಳಿ ಬರೆದುಕೊಂಡವರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಒಬ್ಬ. ಮುಂದೆ 1904ರಲ್ಲಿ ನಿರ್ವಾತ ಕೊಳವೆಯ ಡಯೋಡನ್ನು ಕೊಟ್ಟ ಫ್ಲೆಮಿಂಗ್ ಈತನೇ. ಮ್ಯಾಕ್ಸ್‌ವೆಲ್‌ನ ಈ ಕ್ರಮವನ್ನು ವಿವರಿಸುವ ಪ್ರಬಂಧವನ್ನು ಫ್ಲೆಮಿಂಗ್ 1885ರಲ್ಲಿ ಪ್ರಕಟಿಸಿದ. ಮ್ಯಾಕ್ಸ್‌ವೆಲ್ ಹೇಳಿದ್ದು ಸರಳ. ಕವಲುಗಳ ಪ್ರವಾಹವನ್ನು ಅವ್ಯಕ್ತವೆಂದು ಹಿಡಿಯಬೇಡಿ. ಬಲೆಯ ಪ್ರತಿಯೊಂದು ಕಣ್ಣಿನ ಅಂಚಿನಲ್ಲಿ ಒಂದು ಪ್ರವಾಹ ಸುಮ್ಮನೆ ಸುತ್ತುತ್ತಿದೆ ಎಂದು ಭಾವಿಸಿ, ಎಲ್ಲವೂ ಒಂದೇ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿನಂತೆ. ಇವೇ ಅವ್ಯಕ್ತಗಳು. ಒಂದೇ ಕಣ್ಣಿಗೆ ಸೇರಿದ ಕವಲಿನಲ್ಲಿ ಆ ಸುತ್ತುಪ್ರವಾಹವೇ ನಿಜವಾದ ಪ್ರವಾಹ. ಎರಡು ಕಣ್ಣುಗಳ ನಡುವಿನ ಕವಲಿನಲ್ಲಿ ಎರಡೂ ಸುತ್ತುಪ್ರವಾಹಗಳು ಎದುರುಬದುರಾಗಿ ಹರಿಯುವುದರಿಂದ ಅವುಗಳ ವ್ಯತ್ಯಾಸವೇ ನಿಜವಾದ ಪ್ರವಾಹ.

ನಮ್ಮ ಸೇತುವೆಗೆ ಇದನ್ನು ಹಚ್ಚೋಣ. ಮೂರು ಕಣ್ಣು. ಬ್ಯಾಟರಿಯ ಪಕ್ಕದ ಕಣ್ಣಿನ ಸುತ್ತುಪ್ರವಾಹ ಕ, ಮೇಲಿನ ತ್ರಿಕೋನದ್ದು ಖ, ಕೆಳಗಿನ ತ್ರಿಕೋನದ್ದು ಗ. ಬ್ಯಾಟರಿಯ ಕಣ್ಣಿನ ಸುತ್ತ 1 ಓಮ್ ಮತ್ತು 2 ಓಮ್ ಇವೆ, ಒಟ್ಟು 3. ಅದರಲ್ಲಿ 1 ಓಮನ್ನು ಖ ಜೊತೆಗೂ 2 ಓಮನ್ನು ಗ ಜೊತೆಗೂ ಹಂಚಿಕೊಂಡಿದೆ. ಆದ್ದರಿಂದ 3ಕ − ಖ − 2ಗ = 7. ಮೇಲಿನ ತ್ರಿಕೋನದ ಸುತ್ತ 1, 2, 1 ಸೇರಿ 4 ಓಮ್. ಅಲ್ಲಿ ಬ್ಯಾಟರಿ ಇಲ್ಲ. ಆದ್ದರಿಂದ 4ಖ − ಕ − ಗ = 0. ಕೆಳಗಿನ ತ್ರಿಕೋನದ ಸುತ್ತಲೂ 4 ಓಮ್; 4ಗ − 2ಕ − ಖ = 0. ಸಮೀಕರಣ ಬರೆಯುವ ಕೆಲಸ ಇಲ್ಲಿಗೆ ಮುಗಿಯಿತು. ಎರಡನೆಯದರಿಂದ ಕ ಎಂದರೆ 4ಖ − ಗ. ಇದನ್ನು ಮೂರನೆಯದರಲ್ಲಿ ಇಟ್ಟರೆ 6ಗ = 9ಖ, ಅಂದರೆ ಗ ಎಂಬುದು ಖ‌ದ ಒಂದೂವರೆ ಪಟ್ಟು; ಕ ಎಂಬುದು ಎರಡೂವರೆ ಪಟ್ಟು. ಮೊದಲನೆಯ ಸಮೀಕರಣದಲ್ಲಿ ಇವನ್ನು ಇಟ್ಟರೆ ಮೂರೂವರೆ ಖ ಸಮ 7. ಆದ್ದರಿಂದ ಖ 2 ಆಂಪಿಯರ್, ಗ 3 ಆಂಪಿಯರ್, ಕ 5 ಆಂಪಿಯರ್. ಅಡ್ಡಸೇತುವೆಯಲ್ಲಿ ಮೂರರಲ್ಲಿ ಎರಡು ಕಳೆದು 1 ಆಂಪಿಯರ್, ಎಡದಿಂದ ಬಲಕ್ಕೆ. ಎಡಗಡೆಯ ಮೇಲಿನ ತೋಳಿನಲ್ಲಿ ಐದರಲ್ಲಿ ಎರಡು ಕಳೆದು 3, ಕೆಳಗಿನ ತೋಳಿನಲ್ಲಿ ಐದರಲ್ಲಿ ಮೂರು ಕಳೆದು 2. ಆರೂ ಕವಲುಗಳ ಪ್ರವಾಹ ಕೈಗೆ ಬಂತು.

ಉತ್ತರ ಸರಿಯೇ ಎಂದು ನೋಡುವುದಕ್ಕೆ ಬೇರೆಯವರ ಮುಖ ನೋಡಬೇಕಾಗಿಲ್ಲ. ಬ್ಯಾಟರಿ ಕೊಡುವುದು 7 ವೋಲ್ಟ್ ಗುಣಿಸು 5 ಆಂಪಿಯರ್, ಅಂದರೆ 35 ವ್ಯಾಟ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಪ್ರತಿ ರೋಧಕದ ಬಿಸಿ ಸಿಗುತ್ತದೆ: ಎಡ ಮೇಲಿನದರಲ್ಲಿ 9, ಎಡ ಕೆಳಗಿನದರಲ್ಲಿ 8, ಬಲ ಮೇಲಿನದರಲ್ಲಿ 8, ಬಲ ಕೆಳಗಿನದರಲ್ಲಿ 9, ಅಡ್ಡಸೇತುವೆಯಲ್ಲಿ 1. ಒಟ್ಟು 35. ಕೊಟ್ಟದ್ದೂ ಖರ್ಚಾದದ್ದೂ ತಾಳೆಯಾಯಿತು. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಮೊದಲ ಸಮೀಕರಣದಲ್ಲಿ ಗ‌ದ ಗುಣಕ ಋಣ 2, ಮೂರನೆಯದರಲ್ಲಿ ಕ‌ದ ಗುಣಕವೂ ಋಣ 2. ಹಂಚಿಕೊಂಡ ರೋಧ ಒಂದೇ ಆದ್ದರಿಂದ ಇಬ್ಬರ ಲೆಕ್ಕದಲ್ಲೂ ಅದೇ ಅಂಕಿ ಬರಲೇಬೇಕು. ಕನ್ನಡಿಯಂತಹ ಈ ಸಮತೆಯೊಳಗೆ ಒಂದು ಭೌತಿಕ ಸತ್ಯವಿದೆ. ಒಂದು ಕಣ್ಣಿನಲ್ಲಿಟ್ಟ ಬ್ಯಾಟರಿ ಇನ್ನೊಂದು ಕಣ್ಣಿನಲ್ಲಿ ಎಷ್ಟು ಸುತ್ತುಪ್ರವಾಹ ಹರಿಸುತ್ತದೋ, ಅದೇ ಬ್ಯಾಟರಿಯನ್ನು ಆ ಇನ್ನೊಂದರಲ್ಲಿಟ್ಟರೆ ಮೊದಲನೆಯದರಲ್ಲಿ ಅಷ್ಟೇ ಹರಿಯುತ್ತದೆ. ಪಠ್ಯಗಳಲ್ಲಿ ಪ್ರತ್ಯೇಕ ಪ್ರಮೇಯವಾಗಿ ಬರುವ ಈ ಪರಸ್ಪರತೆಯನ್ನು ಮೆಶ್ ಸಮೀಕರಣಗಳನ್ನು ಬರೆದವನು ಕಣ್ಣಾರೆ ಕಾಣುತ್ತಾನೆ.

ಈಗ ನನ್ನ ವಾದದ ಮುಖ್ಯ ಮಾತಿಗೆ ಬರುತ್ತೇನೆ. ಈ ಲೆಕ್ಕದಲ್ಲಿ ನಾವು ಬರೆದ ಮೂರೂ ಸಮೀಕರಣಗಳು ಕುಣಿಕೆಯ ನಿಯಮದವು. ಸಂಧಿಯ ನಿಯಮ ಎಲ್ಲಿ ಹೋಯಿತು? ಅದನ್ನು ಒಮ್ಮೆಯೂ ಬರೆಯಲಿಲ್ಲ, ಆದರೂ ಉತ್ತರದಲ್ಲಿ ಅದು ಎಲ್ಲೂ ಮುರಿಯಲಿಲ್ಲ. ಎಡ ಸಂಧಿಯನ್ನು ನೋಡಿ: 3 ಬಂತು, 2 ಕೆಳಕ್ಕೂ 1 ಬಲಕ್ಕೂ ಹೋಯಿತು. ಬಲ ಸಂಧಿಗೆ 2 ಮತ್ತು 1 ಬಂದವು, 3 ಹೋಯಿತು. ಇದು ಅದೃಷ್ಟವಲ್ಲ. ಸುತ್ತುತ್ತಿರುವ ಪ್ರವಾಹ ತನ್ನ ದಾರಿಯ ಯಾವುದೇ ಸಂಧಿಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೊರಟುಹೋಗುತ್ತದೆ, ಅಲ್ಲಿ ಏನನ್ನೂ ಬಿಡುವುದಿಲ್ಲ. ಇಂಥ ಎಷ್ಟೇ ಪ್ರವಾಹಗಳನ್ನು ಒಂದರ ಮೇಲೊಂದು ಹೇರಿದರೂ ಸಂಧಿಯಲ್ಲಿ ಉಳಿಯುವುದು ಸೊನ್ನೆಯೇ. ಕ, ಖ, ಗ‌ಗಳಿಗೆ ಯಾವ ಬೆಲೆ ಕೊಟ್ಟರೂ, ತಪ್ಪು ಬೆಲೆ ಕೊಟ್ಟರೂ, ಸಂಧಿಯ ನಿಯಮ ಮುರಿಯುವುದಿಲ್ಲ. ವಿದ್ಯುದಂಶ ನಾಶವಾಗದೆಂಬ ಸತ್ಯವನ್ನು ಮ್ಯಾಕ್ಸ್‌ವೆಲ್ ಸಮೀಕರಣವಾಗಿ ಹೊರಗಿಡದೆ ಅವ್ಯಕ್ತದ ಹೊಟ್ಟೆಯೊಳಗೇ ಇಟ್ಟುಬಿಟ್ಟ. ಆರು ಸಮೀಕರಣಗಳಲ್ಲಿ ಮೂರು ಇಲ್ಲವಾದದ್ದು ಹೀಗೆ. ಯಾವ ಮೂರು ಕುಣಿಕೆ ಹಿಡಿಯಬೇಕೆಂಬ ಚಿಂತೆಯೂ ಹೋಯಿತು: ಕಣ್ಣುಗಳು ಎಷ್ಟೋ ಅಷ್ಟು, ಹೆಚ್ಚಿಲ್ಲ, ಕಡಿಮೆಯಿಲ್ಲ. ಚಿತ್ರದ ಕಣ್ಣುಗಳನ್ನು ಎಣಿಸಿದರೆ ಸಿಗುವ ಸಂಖ್ಯೆ ಕಿರ್ಚಾಫ್‌ನ 1847ರ ಎಣಿಕೆಗೆ ಸರಿಯಾಗಿ ಕೂಡುತ್ತದೆ. ಇದಕ್ಕೆ ಆಧಾರ ಆಯ್ಲರ್‌ನ ಪ್ರಸಿದ್ಧ ಸೂತ್ರ. ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಪ್ರಶ್ನೆಯನ್ನು 1736ರಲ್ಲಿ ಬಿಡಿಸಿ ಜಾಲಗಳ ಗಣಿತಕ್ಕೆ ಅಡಿಪಾಯ ಹಾಕಿದವನೂ ಆಯ್ಲರನೇ. ನೂರು ವರ್ಷಗಳ ತರುವಾಯ ಅದೇ ಊರಿನ ವಿದ್ಯಾರ್ಥಿಯೊಬ್ಬ ವಿದ್ಯುತ್ ಜಾಲಗಳ ನಿಯಮ ಬರೆದ.

ಸುತ್ತುಪ್ರವಾಹದ ಈ ಕ್ರಮಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಸುತ್ತುಪ್ರವಾಹ ಎಂಬುದು ಬರಿಯ ಕಲ್ಪನೆ ಎಂಬುದು. ಅಡ್ಡಸೇತುವೆಯ ತಂತಿಯಲ್ಲಿ ಆಮ್ಮೀಟರ್ ಇಟ್ಟರೆ ಸಿಗುವುದು 1 ಆಂಪಿಯರ್. ಅಲ್ಲಿ 2 ಒಂದು ಕಡೆಗೂ 3 ಇನ್ನೊಂದು ಕಡೆಗೂ ಬೇರೆ ಬೇರೆಯಾಗಿ ಹರಿಯುತ್ತಿಲ್ಲ. ಇಲ್ಲದ್ದನ್ನು ಇದೆಯೆಂದು ಮಕ್ಕಳಿಗೆ ಹೇಳಿಕೊಡುವುದು ಸರಿಯೇ? ಆಕ್ಷೇಪದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಎರಡು ಮಾತು. ಹೊರ ಅಂಚಿನ ಕವಲುಗಳಲ್ಲಿ ಸುತ್ತುಪ್ರವಾಹ ಅಳೆಯಬಹುದಾದ ನಿಜವೇ ಆಗಿದೆ. ನಮ್ಮ ಉದಾಹರಣೆಯಲ್ಲಿ ಕ ಎಂದರೆ ಬ್ಯಾಟರಿಯ ಪ್ರವಾಹ, ಖ ಮತ್ತು ಗ ಬಲಗಡೆಯ ಎರಡು ತೋಳುಗಳ ಪ್ರವಾಹ. ಇನ್ನೊಂದು, ವಿಭವವೂ ಇಂಥದೇ ಒಂದು ಕಲ್ಪನೆ. ಒಂದು ಬಿಂದುವಿನ ವಿಭವ ಇಷ್ಟು ವೋಲ್ಟ್ ಎನ್ನುವಾಗ ಯಾವುದೋ ಒಂದು ಬಿಂದುವನ್ನು, ಸಾಮಾನ್ಯವಾಗಿ ಭೂಮಿಯನ್ನು, ಸೊನ್ನೆಯೆಂದು ನಾವೇ ಒಪ್ಪಿಕೊಂಡಿರುತ್ತೇವೆ. ಅಳತೆಗೆ ಸಿಗುವುದು ವ್ಯತ್ಯಾಸ ಮಾತ್ರ. ಸುತ್ತುಪ್ರವಾಹದಲ್ಲೂ ಹಾಗೆಯೇ: ಚಿತ್ರದ ಹೊರಗಿನ ಬಯಲನ್ನು ಒಂದು ದೊಡ್ಡ ಕಣ್ಣೆಂದು ಭಾವಿಸಿ ಅದರ ಪ್ರವಾಹವನ್ನು ಸೊನ್ನೆಯೆಂದು ಒಪ್ಪಿಕೊಂಡಿದ್ದೇವೆ, ಪ್ರತಿ ಕವಲಿನ ಪ್ರವಾಹವೂ ಅದರ ಎರಡು ಬದಿಯ ಕಣ್ಣುಗಳ ವ್ಯತ್ಯಾಸ. ವಿಭವದಲ್ಲಿ ಭೂಮಿ ಹೇಗೋ ಇಲ್ಲಿ ಬಯಲು ಹಾಗೆ. ಸಂಧಿಗಳ ವಿಭವವನ್ನು ಅವ್ಯಕ್ತವೆಂದು ಹಿಡಿದರೆ ಕುಣಿಕೆಯ ನಿಯಮ ತಾನಾಗಿ ಪಾಲನೆಯಾಗುತ್ತದೆ; ಕಣ್ಣುಗಳ ಪ್ರವಾಹವನ್ನು ಹಿಡಿದರೆ ಸಂಧಿಯ ನಿಯಮ ತಾನಾಗಿ ಪಾಲನೆಯಾಗುತ್ತದೆ. ಇವೆರಡೂ ಒಂದೇ ನಾಣ್ಯದ ಎರಡು ಮುಖ. ವಿಭವವನ್ನು ನಿಜವೆಂದು ಒಪ್ಪುವವರು ಸುತ್ತುಪ್ರವಾಹವನ್ನು ಸುಳ್ಳೆನ್ನಲಾರರು.

ಎರಡನೆಯ ಆಕ್ಷೇಪ, ಈ ಕ್ರಮ ಎಲ್ಲ ಮಂಡಲಗಳಿಗೂ ಸಲ್ಲದು ಎಂಬುದು. ಇದು ನಿಜ. ತಂತಿಗಳು ಒಂದರ ಮೇಲೊಂದು ಹಾಯದಂತೆ ಕಾಗದದ ಮೇಲೆ ಬರೆಯಲಾಗದ ಜಾಲಗಳಿವೆ. ಮೂರು ಮನೆಗಳಿಗೆ ಮೂರು ಬಾವಿಗಳಿಂದ ಒಂದನ್ನೊಂದು ದಾಟದಂತೆ ಒಂಬತ್ತು ದಾರಿ ಹಾಕಿ ಎಂಬ ಒಗಟು ಬಹಳ ಜನಕ್ಕೆ ಗೊತ್ತು. ಸಮತಟ್ಟಾದ ಕಾಗದದ ಮೇಲೆ ಅದು ಸಾಧ್ಯವಿಲ್ಲ. ಯಾವ ಜಾಲಗಳನ್ನು ಹೀಗೆ ಬರೆಯಲಾಗದು ಎಂಬುದರ ಪೂರ್ಣ ಉತ್ತರವನ್ನು 1930ರಲ್ಲಿ ಪೋಲೆಂಡಿನ ಗಣಿತಜ್ಞ ಕುರಾಟೊವ್‌ಸ್ಕಿ ಕೊಟ್ಟ. ಅಂಥ ಜಾಲಕ್ಕೆ ಕಣ್ಣುಗಳೇ ಇಲ್ಲ, ಆದ್ದರಿಂದ ಅಕ್ಷರಶಃ ಮೆಶ್ ಕ್ರಮವೂ ಇಲ್ಲ. ಆದರೆ ಕ್ರಮದ ತಿರುಳು ಉಳಿಯುತ್ತದೆ. ಜಾಲದ ಎಲ್ಲ ಸಂಧಿಗಳನ್ನೂ ಮುಟ್ಟುವ, ಆದರೆ ಎಲ್ಲೂ ಕುಣಿಕೆಯಾಗದ ಒಂದು ಮರವನ್ನು ಅದರೊಳಗೇ ಆರಿಸಿಕೊಳ್ಳಿ. ಮರಕ್ಕೆ ಸೇರದೆ ಉಳಿದ ಒಂದೊಂದು ಕವಲೂ ಮರದೊಡನೆ ಸೇರಿ ಒಂದೊಂದು ಕುಣಿಕೆ ಮಾಡುತ್ತದೆ. ಆ ಕುಣಿಕೆಗಳಲ್ಲಿ ಪ್ರವಾಹ ಸುತ್ತಿಸಿದರೆ ಸಾಕು. ಈ ದಾರಿಯ ಬೀಜವೂ 1847ರ ಪ್ರಬಂಧದಲ್ಲೇ ಇದೆ. ಸೀಮೆಯಿರುವುದು ಕಣ್ಣಿಗೆ. ಸುತ್ತುವ ಪ್ರವಾಹದ ವಿಚಾರಕ್ಕೆ ಆ ಸೀಮೆ ಇಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಇಂದು ಮಂಡಲಗಳನ್ನು ಬಿಡಿಸುವುದು ಕಂಪ್ಯೂಟರ್. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿ ಜಗತ್ತಿನೆಲ್ಲೆಡೆ ಹಬ್ಬಿದ ಸ್ಪೈಸ್ ಎಂಬ ತಂತ್ರಾಂಶ ಸಂಧಿಗಳ ವಿಭವವನ್ನು ಅವ್ಯಕ್ತವಾಗಿ ಹಿಡಿಯುತ್ತದೆ, ಮೆಶ್ ಕ್ರಮವನ್ನಲ್ಲ. ಯಂತ್ರಕ್ಕೆ ಸಂಧಿಗಳ ಪಟ್ಟಿ ಕೊಡುವುದು ಸುಲಭ, ಕಣ್ಣುಗಳನ್ನು ಗುರುತಿಸಿ ಎಂದು ಹೇಳುವುದು ಕಷ್ಟ. ನಮ್ಮ ಸೇತುವೆಯಲ್ಲೇ ನೋಡಿ: ಬ್ಯಾಟರಿ ಮೇಲು ಕೆಳಗಿನ ವಿಭವಗಳನ್ನು ನಿಗದಿ ಮಾಡಿಬಿಡುವುದರಿಂದ, ವಿಭವಗಳನ್ನು ಹಿಡಿದರೆ ಎಡ ಬಲಗಳ ಎರಡೇ ಅವ್ಯಕ್ತ ಉಳಿಯುತ್ತವೆ. ಮೆಶ್ ಕ್ರಮಕ್ಕೆ ಮೂರು ಬೇಕಾಯಿತು. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಮೆಶ್ ಕ್ರಮ ಎಲ್ಲ ಕಡೆಯೂ ಮೇಲು ಎಂದು ನಾನು ವಾದಿಸುತ್ತಿಲ್ಲ. ಸಂಧಿ ಕಡಿಮೆ ಇದ್ದಲ್ಲಿ ವಿಭವ ಹಿಡಿಯಿರಿ, ಕಣ್ಣು ಕಡಿಮೆ ಇದ್ದಲ್ಲಿ ಸುತ್ತುಪ್ರವಾಹ ಹಿಡಿಯಿರಿ. ಎರಡನ್ನೂ ಬಲ್ಲವನಿಗೆ ಮಾತ್ರ ಈ ಆಯ್ಕೆ ಇರುತ್ತದೆ. ಕೆಲವು ಕಡೆ ಸುತ್ತುಪ್ರವಾಹವೇ ಸಹಜ. ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಯಲ್ಲಿ ಹುಟ್ಟುವ ವೋಲ್ಟೇಜು ಇನ್ನೊಂದು ಸುರುಳಿಯ ಪ್ರವಾಹ ಹೇಗೆ ಬದಲಾಗುತ್ತಿದೆ ಎಂಬುದನ್ನು ಅವಲಂಬಿಸಿದೆ. ಅಲ್ಲಿ ಪ್ರವಾಹವನ್ನೇ ಅವ್ಯಕ್ತವಾಗಿ ಹಿಡಿದವನಿಗೆ ಸಮೀಕರಣ ನೇರವಾಗಿ ಬರುತ್ತದೆ.

ವಿದ್ಯುತ್ತಿನಾಚೆಗೂ ಈ ವಿಚಾರ ಬೆಳೆದಿದೆ ಎಂಬುದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸಿವಿಲ್ ಎಂಜಿನಿಯರ್ ಹಾರ್ಡಿ ಕ್ರಾಸ್ 1936ರಲ್ಲಿ ನೀರಿನ ಕೊಳವೆ ಜಾಲಗಳ ಲೆಕ್ಕಕ್ಕೆ ಒಂದು ಕ್ರಮ ಕೊಟ್ಟ. ಊರಿನ ಕೊಳವೆಗಳಲ್ಲಿ ನೀರು ಎಷ್ಟೆಷ್ಟು ಹರಿಯುತ್ತದೆಂಬುದು ಬಿಡಿಸಲು ಕಷ್ಟದ ಪ್ರಶ್ನೆ. ಅಲ್ಲಿ ಒತ್ತಡಕ್ಕೂ ಹರಿವಿಗೂ ಓಮ್ ನಿಯಮದಂಥ ನೇರ ಸಂಬಂಧವಿಲ್ಲ. ಹರಿವು ಎರಡರಷ್ಟಾದರೆ ಒತ್ತಡದ ನಷ್ಟ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಕ್ರಾಸ್ ಹೇಳಿದ್ದು ಇದು: ಪ್ರತಿ ಸಂಧಿಯಲ್ಲೂ ಬಂದ ನೀರು ಹೋದ ನೀರು ಸರಿಯಾಗುವಂತೆ ಮೊದಲು ಹರಿವನ್ನು ಅಂದಾಜು ಮಾಡಿ. ಆಮೇಲೆ ಒಂದೊಂದು ಕುಣಿಕೆಯನ್ನೂ ಸುತ್ತಿ, ಒತ್ತಡ ಎಷ್ಟು ತಾಳೆ ತಪ್ಪಿದೆ ನೋಡಿ, ಅಷ್ಟನ್ನು ಸರಿಪಡಿಸುವ ಹರಿವನ್ನು ಆ ಕುಣಿಕೆಯ ಸುತ್ತ ಸೇರಿಸಿ. ಸುತ್ತುವ ಹರಿವು ಯಾವ ಸಂಧಿಯ ಲೆಕ್ಕವನ್ನೂ ಕೆಡಿಸದು, ಆದ್ದರಿಂದ ಮೊದಲು ಮಾಡಿದ ಕೆಲಸ ಹಾಳಾಗದು. ಹೀಗೆ ತಿದ್ದುತ್ತ ಹೋದರೆ ಉತ್ತರ ಹತ್ತಿರವಾಗುತ್ತ ಬರುತ್ತದೆ. ಮ್ಯಾಕ್ಸ್‌ವೆಲ್‌ನ ಸುತ್ತುಪ್ರವಾಹವೇ ಇಲ್ಲಿ ನೀರಿನ ಬಟ್ಟೆ ತೊಟ್ಟು ಬಂದಿದೆ. ನಿಯಮವನ್ನು ಅವ್ಯಕ್ತದೊಳಗೆ ಇಡುವ ವಿವೇಕ ಒಂದು ಶಾಸ್ತ್ರದ ಗುಟ್ಟಲ್ಲ, ಎಲ್ಲ ಶಾಸ್ತ್ರಗಳಿಗೂ ಸಲ್ಲುವ ಆಸ್ತಿ.

ನಮ್ಮ ನಾಡಿನ ವಿದ್ಯುತ್ತಿನ ಕಥೆಯಲ್ಲೂ ಇದಕ್ಕೊಂದು ಸ್ಥಾನವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಹುಟ್ಟುವ ಜಾಗ ಒಂದು, ಬಳಸುವ ಜಾಗ ಒಂದು. ಎಷ್ಟು ಹರಿಯಿತೆಂದು ತಿಳಿಯಲು ಬಳಕೆಯನ್ನು ನೋಡಿದರೆ ಸಾಕಿತ್ತು. ನೂರು ವರ್ಷಗಳ ಬಳಿಕ, 2003ರಲ್ಲಿ, ಒಡಿಶಾದ ತಾಲ್ಚೇರ್‌ನಿಂದ ಅದೇ ಕೋಲಾರಕ್ಕೆ ಅಧಿಕ ವೋಲ್ಟೇಜಿನ ನೇರಪ್ರವಾಹದ ಮಾರ್ಗ ಬಂತು. ಅದರಲ್ಲಿ ಎಷ್ಟು ಹರಿಯಬೇಕೆಂದು ನಿಯಂತ್ರಣ ಕೊಠಡಿಯಲ್ಲಿ ಕೂತವರು ನಿಗದಿ ಮಾಡಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ದಕ್ಷಿಣದ ಜಾಲ ದೇಶದ ಜಾಲದೊಡನೆ ಒಂದೇ ಲಯದಲ್ಲಿ ಕೂಡಿತು. ಇದು ಪರ್ಯಾಯಪ್ರವಾಹದ ಮಾರ್ಗ. ಇಂಥ ಜಾಲದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಎರಡು ಮೂರು ದಾರಿಗಳಿದ್ದರೆ, ಯಾವ ದಾರಿಯಲ್ಲಿ ಎಷ್ಟು ಎಂದು ಯಾವ ಅಧಿಕಾರಿಯೂ ಆಜ್ಞೆ ಮಾಡಲಾರ. ಅದನ್ನು ತೀರ್ಮಾನಿಸುವುದು ಕುಣಿಕೆಯ ನಿಯಮ. ಮೆಶ್ ಲೆಕ್ಕ ಕಲಿತ ವಿದ್ಯಾರ್ಥಿಗೆ ಈ ಎರಡರ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಪ್ರವಾಹ ನಿಗದಿಯಾದ ಮೂಲವೊಂದು ಮಂಡಲದಲ್ಲಿದ್ದರೆ ಒಂದು ಅವ್ಯಕ್ತ ಕಡಿಮೆಯಾಗುತ್ತದೆ. ಉಳಿದ ಕಡೆಯೆಲ್ಲ ಕುಣಿಕೆಯೇ ಮಾತಾಡಬೇಕು. ದೇಶದ ಜಾಲವನ್ನು ಬಿಡಿಸುವುದು ಕಂಪ್ಯೂಟರೇ, ಅದೂ ವಿಭವಗಳನ್ನು ಹಿಡಿದೇ. ಆದರೆ ಆ ಉತ್ತರ ಏನು ಹೇಳುತ್ತಿದೆಯೆಂದು ಅರಿಯಬೇಕಾದವನು ಮನುಷ್ಯ.

ಕೊನೆಗೆ ತರಗತಿಯ ಮಾತು. ಮೆಶ್ ಪಾಠದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಚಿಹ್ನೆಗಳಲ್ಲಿ. ಪ್ರವಾಹದ ದಿಕ್ಕು ಮೊದಲೇ ಗೊತ್ತಿರಬೇಕೆಂದು ಭಾವಿಸಿ, ಒಂದು ಕಣ್ಣಿನಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಸುತ್ತಿಸಿ, ಕೂಡಬೇಕಾದಲ್ಲಿ ಕಳೆದು ಕಳೆಯಬೇಕಾದಲ್ಲಿ ಕೂಡುತ್ತಾರೆ. ದಿಕ್ಕು ಮೊದಲೇ ಗೊತ್ತಿರಬೇಕಿಲ್ಲ. ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಸುತ್ತಿಸಿ ಲೆಕ್ಕ ಮಾಡಿದರೆ, ಉತ್ತರ ಋಣವಾಗಿ ಬಂದಲ್ಲಿ ನಿಜವಾದ ದಿಕ್ಕು ತಿರುಗುಮುರುಗು ಎಂದು ಲೆಕ್ಕವೇ ಹೇಳುತ್ತದೆ. ಇದನ್ನು ನಿಯಮದ ಪಟ್ಟಿಯಾಗಿ ಕೊಡದೆ ಕಾರಣದೊಡನೆ ಹೇಳಿದರೆ ತಪ್ಪುಗಳು ತಾವಾಗಿ ಕಡಿಮೆಯಾಗುತ್ತವೆ. ಅಧ್ಯಾಪಕರಲ್ಲಿ ನನ್ನ ಬಿನ್ನಹ ಮೂರು. ಸೂತ್ರ ಬರೆಸುವ ಮೊದಲು ಸಂಧಿಯ ನಿಯಮ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ತರಗತಿಗೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಪ್ರತಿ ಲೆಕ್ಕದ ಕೊನೆಯಲ್ಲಿ ಕೊಟ್ಟ ವ್ಯಾಟೂ ಖರ್ಚಾದ ವ್ಯಾಟೂ ತಾಳೆಯಾಗುತ್ತದೆಯೇ ಎಂದು ವಿದ್ಯಾರ್ಥಿಗಳೇ ನೋಡುವಂತೆ ಮಾಡಿ. ಒಂದು ಮಂಡಲವನ್ನಾದರೂ ಎರಡೂ ಕ್ರಮದಲ್ಲಿ, ಸುತ್ತುಪ್ರವಾಹದಿಂದಲೂ ವಿಭವದಿಂದಲೂ, ಬಿಡಿಸಿ ಹೋಲಿಸಲು ಹೇಳಿ.

ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಒಂದೇ. ಮನೆಗೆ ಹೋಗಿ ಇಂದಿನ ಸೇತುವೆಯನ್ನು ಬರೆಯಿರಿ. ಅಡ್ಡಸೇತುವೆಯ 1 ಓಮನ್ನು 2 ಓಮ್ ಮಾಡಿ, ಮೂರು ಸಮೀಕರಣಗಳನ್ನು ನೀವೇ ಬರೆದು ಬಿಡಿಸಿ, ಕೊನೆಗೆ ವ್ಯಾಟುಗಳನ್ನು ಕೂಡಿಸಿ ತಾಳೆ ನೋಡಿ. ತಾಳೆಯಾದ ಕ್ಷಣದಲ್ಲಿ ನಿಮಗೆ ಸಿಗುವ ಭರವಸೆಯನ್ನು ಯಾವ ಉಪನ್ಯಾಸವೂ ಕೊಡಲಾರದು.